ಕಡತದ ಬೀಗ ಯಾರ ಕೈಲಿ? ಶಾನುಭೋಗರ ಕಾಲದಿಂದ ಕಂಪ್ಯೂಟರ್ ಕಾಲದವರೆಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘದ ಹುಟ್ಟು, ಷೇರು ಬಂಡವಾಳ, ಸಾಲ ವಸೂಲಾತಿ ಇವನ್ನೆಲ್ಲಾ ಅಧ್ಯಕ್ಷರು, ಕಾರ್ಯದರ್ಶಿಗಳು ಬರೆದೇ ಇರುತ್ತಾರೆ. ಅದನ್ನೇ ನಾವೂ ಬರೆದರೆ ಓದುವವರಿಗೆ ಬೇಜಾರು. ಆದ್ದರಿಂದ ಈಚೆಗೆ ಆಡಳಿತ ಮಂಡಳಿಯಲ್ಲಿ ಎರಡು ಸಲ ಚರ್ಚೆಗೆ ಬಂದು, ಎರಡು ಸಲವೂ ತೀರ್ಮಾನವಾಗದೆ ಮುಂದಕ್ಕೆ ಹೋದ ಒಂದು ವಿಷಯದ ಪೂರ್ವ ಚರಿತ್ರೆಯನ್ನು ನಮಗೆ ತಿಳಿದ ಮಟ್ಟಿಗೆ ಬರೆಯುತ್ತಿದ್ದೇವೆ. ನಾವು ಓದಿರುವುದು ಎಸ್.ಎಸ್.ಎಲ್.ಸಿ. ವರೆಗೆ ಮಾತ್ರ. ಕಂಪ್ಯೂಟರಿನ ಒಳಗುಟ್ಟು ನಮಗೆ ಗೊತ್ತಿಲ್ಲ. ಆದರೆ ಲೆಕ್ಕದ ಪುಸ್ತಕ ಯಾರ ಕೈಯಲ್ಲಿದ್ದರೆ ಏನಾಗುತ್ತೆ ಅನ್ನೋದು ರೈತರಾದ ನಮಗೆ ತಲೆತಲಾಂತರದಿಂದ ಗೊತ್ತು.

ವಿಷಯ ಇಷ್ಟು. ಸಂಘದ ಎಲ್ಲಾ ಲೆಕ್ಕವೂ ಈಗ ಕಂಪ್ಯೂಟರಿನಲ್ಲಿದೆ. ಯಾವ ಸದಸ್ಯರ ಸಾಲ ಎಷ್ಟು, ಯಾರು ಸುಸ್ತಿದಾರರು, ಯಾರ ಮನೆಯ ಒಡವೆ ನಮ್ಮ ಬೀರುವಿನಲ್ಲಿದೆ, ಯಾರ ಠೇವಣಿ ಯಾವಾಗ ಮುಗಿಯುತ್ತೆ, ಆಧಾರ್ ಸಂಖ್ಯೆ, ಪಹಣಿ, ಫೋನ್ ನಂಬರು, ಎಲ್ಲವೂ. ಈ ಕಂಪ್ಯೂಟರನ್ನು ನೋಡಿಕೊಳ್ಳುವ ಆಪರೇಟರ್ ಹುಡುಗನ ಕೈಯಲ್ಲಿ, ಸಾಫ್ಟ್‌ವೇರ್ ರಿಪೇರಿಗೆ ಬರುವವರ ಕೈಯಲ್ಲಿ, ಎಲ್ಲಾ ಬಾಗಿಲು ತೆಗೆಯುವ ಪಾಸ್‌ವರ್ಡ್ ಇದೆ. ಹನ್ನೊಂದು ಜನ ನಿರ್ದೇಶಕರಿಗೂ ಇಲ್ಲದ ಕೀಲಿ ಅದು. ಕೆಲವರು ‘ಅವರನ್ನ ನಂಬೋದು ಹ್ಯಾಗೆ’ ಅಂದರು. ಇನ್ನು ಕೆಲವರು ‘ನಂಬದೆ ಕೆಲಸ ನಡೆಯೋದು ಹ್ಯಾಗೆ’ ಅಂದರು. ಇಬ್ಬರ ಮಾತೂ ಸರಿಯೇ, ಅದಕ್ಕೇ ತೀರ್ಮಾನವಾಗಲಿಲ್ಲ.

ಈ ಜಗಳ ಹೊಸದಲ್ಲ. ಹಿಂದೆ ಮೈಸೂರು ಸೀಮೆಯಲ್ಲಿ ಶಾನುಭೋಗರು ಲೆಕ್ಕ ಬರೆಯುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದು. ಊರಿನ ಯಾವ ಹೊಲ ಯಾರದು, ಎಷ್ಟು ಕಂದಾಯ, ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿ. ಊರಿಗೆಲ್ಲಾ ಓದು ಬರೆಹ ಬಲ್ಲವರು ಅವರೊಬ್ಬರೇ ಆಗಿದ್ದ ಕಾಲ. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ ಆಗಿನ ತಾಂತ್ರಿಕ ಸಿಬ್ಬಂದಿ ಅವರೇ! ಪಟೇಲರಿಗೆ ದರ್ಪ ಇತ್ತು, ಆದರೆ ಒಂದು ಗೆರೆ ಓದಬೇಕಾದರೆ ಶಾನುಭೋಗರನ್ನೇ ಕೇಳಬೇಕು. ಕಾಗದದ ಪುಸ್ತಕ ಬಂದ ಮೇಲೂ ಪುಸ್ತಕ ಇರುತ್ತಿದ್ದುದು ಅವರ ಮನೆಯ ಪೆಟ್ಟಿಗೆಯಲ್ಲಿಯೇ. ತಂದೆಯ ನಂತರ ಮಗ. ಒಳ್ಳೆಯ ಶಾನುಭೋಗರು ಎಷ್ಟೋ ಜನ ಇದ್ದರು. ಬರಗಾಲದಲ್ಲಿ ರೈತನ ಪರ ಅರ್ಜಿ ಬರೆದುಕೊಟ್ಟವರೂ ಅವರೇ. ಅದನ್ನು ಮರೆಯಬಾರದು. ಆದರೆ ಒಳ್ಳೆಯವರು ಸಿಕ್ಕಿದರೆ ಊರಿನ ಪುಣ್ಯ, ಕೆಟ್ಟವರು ಸಿಕ್ಕಿದರೆ ಊರಿನ ಕರ್ಮ. ಕೇಳುವ ದಾರಿ ರೈತನಿಗೆ ಇರಲಿಲ್ಲ.

1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಬಂತು. 1963ರ ಫೆಬ್ರವರಿ 1ರಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹಕ್ಕು ಹೋಯಿತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆಯಂತೆ ಪಹಣಿ ಈಗಿನ ರೂಪಕ್ಕೆ ಬಂತು. ಅದರ 9ನೇ ಕಾಲಂನಲ್ಲಿ ಕಬ್ಜೇದಾರರು, 11ನೇ ಕಾಲಂನಲ್ಲಿ ಋಣ, 12ನೇ ಕಾಲಂನಲ್ಲಿ ಸಾಗುವಳಿದಾರರು. ಈ 12ನೇ ಕಾಲಂನ ಬೆಲೆ ಏನು ಅನ್ನೋದು 1974ರಲ್ಲಿ ತಿಳಿಯಿತು. ಆ ವರ್ಷ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು 7ನೇ ನಮೂನೆಯ ಅರ್ಜಿ ಹಾಕಿದಾಗ, ಭೂನ್ಯಾಯ ಮಂಡಳಿಯವರು ಮೊದಲು ಕೇಳುತ್ತಿದ್ದುದೇ ‘ಪಹಣಿಯಲ್ಲಿ ನಿನ್ನ ಹೆಸರು ಇದೆಯಾ?’ ಎಂದು. ಇಪ್ಪತ್ತು ವರ್ಷ ಉತ್ತವನ ಹೆಸರು ಕಾಲಂನಲ್ಲಿ ಇಲ್ಲ ಅಂದರೆ ಅವನು ಸಾಕ್ಷಿ ಹುಡುಕಿಕೊಂಡು ಅಲೆಯಬೇಕು. ಒಂದು ಗೆರೆ ಬರೆಯುವವನ ಕೈಯಲ್ಲಿ ಒಂದು ಸಂಸಾರದ ಅನ್ನ ಇತ್ತು. ಇದನ್ನು ನಮ್ಮ ಹಿರಿಯರು ಹೇಳುವಾಗ ಈಗಲೂ ಧ್ವನಿ ಏರುತ್ತೆ.

ಇನ್ನು ಭೂಮಿ ಯೋಜನೆಗೆ ಬರೋಣ. ನಮ್ಮ ಸಂಘವೂ ಭೂಮಿ ಯೋಜನೆಯೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಗಳಾಗಿದ್ದಾಗ, ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ, 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. 67 ಲಕ್ಷ ರೈತರ ಜಮೀನಿನ ಲೆಕ್ಕ. ಸಾಫ್ಟ್‌ವೇರ್ ಮಾಡಿಕೊಟ್ಟದ್ದು ಕೇಂದ್ರ ಸರ್ಕಾರದ ಎನ್.ಐ.ಸಿ. ಆಗ ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿಯವರೆಗೆ ಪಹಣಿ ಇದ್ದದ್ದು ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಚೀಲದಲ್ಲಿ. ಅವರು ಇವತ್ತು ಇಲ್ಲಿ, ನಾಳೆ ಇನ್ನೊಂದು ಹಳ್ಳಿಯಲ್ಲಿ. ಒಂದು ನಕಲಿಗೆ ಮೂರು ದಿನ ತಿರುಗಿ, ಕಾಫಿ ತಿಂಡಿ ಕೊಡಿಸಿ, ಮೇಲೆ ಇನ್ನೂ ಕೈಬಿಸಿ ಮಾಡಬೇಕಾಗಿತ್ತು ಎಂಬುದನ್ನು ಈಗಿನ ಹುಡುಗರು ನಂಬುವುದಿಲ್ಲ.

ನಮಗೆ ಮುಖ್ಯವಾಗಿ ಕಂಡದ್ದು 15 ರೂಪಾಯಿಯ ಪಹಣಿ ಅಲ್ಲ. ಅದರ ಹಿಂದಿನ ಏರ್ಪಾಡು. ಇಷ್ಟೂ ಪಹಣಿ ಒಂದೇ ಪೆಟ್ಟಿಗೆಯಲ್ಲಿ ಸೇರಿದ ಮೇಲೆ, ಆ ಪೆಟ್ಟಿಗೆ ಮುಂದೆ ಕೂತ ನೌಕರ ಹೊಸ ಶಾನುಭೋಗ ಆಗಿಬಿಟ್ಟರೆ? ಆ ಭಯ ಯೋಜನೆ ಮಾಡಿದವರಿಗೂ ಇತ್ತು. ಅದಕ್ಕೆ ಅವರು ಬರೀ ಪಾಸ್‌ವರ್ಡ್ ಸಾಲದು ಎಂದು ಬೆರಳಚ್ಚು ಇಟ್ಟರು. ಕಂಪ್ಯೂಟರಿನ ಮುಂದೆ ಕೂರುವ ನೌಕರ ಬೆರಳು ಒತ್ತಿದರೇನೇ ಬಾಗಿಲು ತೆಗೆಯೋದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಬೇರೆಯವರಿಗೆ ಕೊಡಬಹುದು, ಬೆರಳನ್ನು ಕೊಡೋದಕ್ಕೆ ಆಗುತ್ತಾ? ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾವ ಪಹಣಿ ಮುಟ್ಟಿದರು ಅನ್ನೋದು ತಾನಾಗಿಯೇ ಒಳಗೆ ದಾಖಲಾಗುತ್ತೆ. ಖಾತೆ ಬದಲಾವಣೆ ಅರ್ಜಿಗಳು ಬಂದ ಸರದಿಯಂತೆಯೇ ಹೋಗಬೇಕು. ಬೇಕಾದವರದ್ದು ಮೊದಲು, ಬೇಡದವರದ್ದು ಆಮೇಲೆ ಅನ್ನೋ ಹಾಗಿಲ್ಲ. ಬರೆಯುವವನೊಬ್ಬ, ಒಪ್ಪುವವನೊಬ್ಬ. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದೂ ಮಾಡಿದರು, ಯಾಕೆಂದರೆ ಎರಡೂ ಇದ್ದರೆ ಹಳೆಯ ಚೀಲ ಮತ್ತೆ ತೆರೆದುಕೊಳ್ಳುತ್ತೆ. ಆ ನೌಕರ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯನ್ನೇ ಅವರು ಪಕ್ಕಕ್ಕಿಟ್ಟರು. ಒಳ್ಳೆಯವನ ಹೆಸರು ಉಳಿಯುವ ಹಾಗೆ, ಕೆಟ್ಟವನ ಗುರುತು ಸಿಗುವ ಹಾಗೆ ಪೆಟ್ಟಿಗೆ ಮಾಡಿದರು.

ಎಲ್ಲಾ ಸರಿಹೋಯಿತು ಎಂದು ಹೇಳುತ್ತಿಲ್ಲ. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಅವರ ಜೊತೆಯವರು ಭೂಮಿ ಯೋಜನೆಯ ಬಗ್ಗೆ ಒಂದು ಅಧ್ಯಯನ ಮಾಡಿ, ಬೆಂಗಳೂರಿನ ಸುತ್ತ ಇದರಿಂದ ಹೆಚ್ಚು ಅನುಕೂಲ ಆಗಿದ್ದು ದೊಡ್ಡ ದೊಡ್ಡ ಜಮೀನು ವ್ಯವಹಾರದವರಿಗೆ ಎಂದು ಟೀಕಿಸಿದ್ದಾರೆ. ಊರಿಡೀ ಲೆಕ್ಕ ಒಂದೇ ಕಡೆ ಸಿಕ್ಕಿದರೆ ಸಣ್ಣ ರೈತ ನೋಡೋದು ತನ್ನ ಒಂದು ಪಹಣಿ, ದೊಡ್ಡವರು ನೋಡೋದು ಇಡೀ ಊರು. ಈ ಮಾತು ಗೊರಗುಂಟೆಪಾಳ್ಯದವರಾದ ನಮಗೆ ಅರ್ಥ ಮಾಡಿಸಬೇಕಾಗಿಲ್ಲ. ತುಮಕೂರು ರಸ್ತೆಯ ಮೇಲೆ ಮೇಲ್ಸೇತುವೆ ಬಂತು, 2014ರಲ್ಲಿ ಮೆಟ್ರೋ ರೈಲೂ ಬಂತು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಗೋಡೌನು. ನಮ್ಮಲ್ಲಿ ಹಲವರ ಸಾಗುವಳಿ ಈಗ ನೆಲಮಂಗಲ, ಮಾಗಡಿ ಕಡೆ. ತರಕಾರಿ, ಈರುಳ್ಳಿ ಹೊತ್ತುಕೊಂಡು ಯಶವಂತಪುರದ ಯಾರ್ಡಿಗೆ ಬರುವಾಗ ಮಾತ್ರ ಹಳೇ ಊರಿನ ನೆನಪು. ಉಳಿದಿರೋ ಒಂದೆರಡು ಗುಂಟೆಗೂ ಚಿನ್ನದ ಬೆಲೆ. ಅಂಥ ಕಡೆ ‘ಯಾವ ರೈತ ಸುಸ್ತಿಯಾಗಿದ್ದಾನೆ’ ಎಂಬ ಒಂದು ಪಟ್ಟಿ ಬ್ರೋಕರ್ ಕೈಗೆ ಸಿಕ್ಕಿದರೆ ಏನಾಗುತ್ತೆ ಹೇಳಿ? ಹೆಣ್ಣು ಗಂಡು ನೋಡುವ ಮನೆಯವರ ಕೈಗೆ ಸಿಕ್ಕಿದರೆ? ಒಡವೆ ಅಡವಿಟ್ಟ ಹೆಂಗಸಿನ ಹೆಸರು ಬೀದಿಯಲ್ಲಿ ಹರಿದಾಡಿದರೆ? ಕೆಲವರು ‘ಪಹಣಿಯ 11ನೇ ಕಾಲಂನಲ್ಲಿ ಸಾಲ ಬರೆದೇ ಇರುತ್ತಲ್ಲ, ಇದರಲ್ಲಿ ಗುಟ್ಟೇನು’ ಅಂತಾರೆ. ಕಾಲಂನಲ್ಲಿ ಇರೋದು ಸಾಲ ಇದೆ ಎಂಬ ಸುದ್ದಿ. ಅದು ತೀರಿಸಲಾಗದೆ ನಿಂತಿದೆ ಎಂಬ ಸುದ್ದಿ ಬೇರೆ. ಆ ಎರಡನೆಯದಕ್ಕೇ ಗಿರಾಕಿ ಜಾಸ್ತಿ.

ಸಹಕಾರ ಸಂಘಕ್ಕೆ ಈ ಗುಟ್ಟು ಕಾಯುವ ಕೆಲಸ ಹುಟ್ಟಿನಿಂದಲೇ ಬಂದದ್ದು. ಜರ್ಮನಿಯಲ್ಲಿ ರೈಫೈಸನ್ ಅವರು 1860ರ ದಶಕದಲ್ಲಿ ಹಳ್ಳಿ ಸಾಲದ ಸಂಘ ಕಟ್ಟಿದಾಗ ಆಡಳಿತ ಮಂಡಳಿಯವರಿಗೆ ಸಂಬಳ ಇರಲಿಲ್ಲ, ಲೆಕ್ಕ ಬರೆಯುವವರಿಗೆ ಮಾತ್ರ ಕೊಡುತ್ತಿದ್ದರು. ಅದೇ ಮಾದರಿ ನಮ್ಮ ದೇಶಕ್ಕೆ 1904ರ ಕಾಯಿದೆಯ ಮೂಲಕ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲೂ ಸಹಕಾರ ರೆಗ್ಯುಲೇಷನ್ ಆಯಿತು. ಸಾಲ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಬೀದಿಯವರು. ಬಡ್ಡಿ ಸಾಹುಕಾರನಿಗೆ ಊರವರ ಕಷ್ಟವೇ ಬಂಡವಾಳ. ಸಂಘಕ್ಕೆ ಅದನ್ನು ತಿಳಿದೂ ಬಾಯಿ ಮುಚ್ಚಿಕೊಂಡಿರುವುದೇ ಬಂಡವಾಳ.

ಕಾನೂನಿನಲ್ಲೂ ಇದಕ್ಕೆ ಬಲ ಇದೆ. ಕೇರಳದ ತಲಪ್ಪಲಂ ಸಹಕಾರಿ ಬ್ಯಾಂಕಿನ ಕೆಲವು ಸದಸ್ಯರ ಖಾತೆ ವಿವರ ಕೊಡಿ ಎಂದು ಯಾರೋ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರು. ಅದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2013ರ ಅಕ್ಟೋಬರಿನಲ್ಲಿ ತೀರ್ಪಾಯಿತು: ಸರ್ಕಾರದ ಹತೋಟಿ, ದೊಡ್ಡ ಹಣಸಹಾಯ ಇಲ್ಲದ ಇಂಥ ಸಂಘಗಳು ಮಾಹಿತಿ ಹಕ್ಕಿನ ಕೆಳಗೆ ಬರೋದಿಲ್ಲ, ಸದಸ್ಯರ ಸ್ವಂತ ವಿವರವನ್ನು ಕೇಳಿದವರಿಗೆಲ್ಲಾ ಕೊಡಬೇಕಾಗಿಲ್ಲ. ಅರ್ಜಿ ಹಾಕಿ ಕೇಳಿದರೂ ಕೊಡದ ವಿವರವನ್ನು ಯಾರೋ ಒಂದು ಪೆನ್‌ಡ್ರೈವಿನಲ್ಲಿ ತೆಗೆದುಕೊಂಡು ಹೋದರೆ ಏನು ಬಂತು?

ಹಾಗೆ ಆಗಿದ್ದೂ ಉಂಟು, ನಮ್ಮ ಬೆಂಗಳೂರಿನಲ್ಲೇ. 2006ರಲ್ಲಿ ಎಚ್.ಎಸ್.ಬಿ.ಸಿ. ಬ್ಯಾಂಕಿನ ಇಲ್ಲಿನ ಕೇಂದ್ರದ ಒಬ್ಬ ನೌಕರ ಗ್ರಾಹಕರ ವಿವರ ಹೊರಗೆ ಕೊಟ್ಟ ಆರೋಪದ ಮೇಲೆ ಬಂಧನವಾದ. ಇಂಗ್ಲೆಂಡಿನ ಸುಮಾರು 20 ಗ್ರಾಹಕರ ಖಾತೆಗಳಿಂದ 2 ಲಕ್ಷ 33 ಸಾವಿರ ಪೌಂಡು ಹೋಗಿತ್ತು. 2023ರಲ್ಲಿ ಇನ್ನೊಂದು ಬಗೆ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ತೆಗೆದು, ನಕಲಿ ಬೆರಳಚ್ಚು ಮಾಡಿ, ಜನರ ಖಾತೆಯಿಂದ ಹಣ ಎತ್ತಿದರು. ಹಿಂದೆ ಬೆರಳು ಕೊಡೋದಕ್ಕೆ ಆಗುತ್ತಾ ಅಂತ ಬರೆದೆವಲ್ಲ, ಅದಕ್ಕೂ ಕಳ್ಳರು ದಾರಿ ಕಂಡುಕೊಂಡರು ನೋಡಿ. ಆಮೇಲೆ ಪತ್ರಗಳಲ್ಲಿ ಆ ಗುರುತುಗಳನ್ನು ಮರೆಮಾಡುವ ಏರ್ಪಾಡು ಆಯಿತು. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಕೊಳ್ಳುವ ಸೌಕರ್ಯ ಇದೆ. ಹಾಕಿಕೊಳ್ಳದ ಸದಸ್ಯರು ಈಗಲಾದರೂ ಹಾಕಿಕೊಳ್ಳಿ.

ಇಷ್ಟು ಓದಿದ ಮೇಲೆ ಆಪರೇಟರ್ ಹುಡುಗನ ಮೇಲೆ ಕಣ್ಣು ಕೆಂಪಗೆ ಮಾಡಿಕೊಳ್ಳುವವರು ಇರಬಹುದು. ಅವರು ಇನ್ನೊಂದು ಕಥೆಯನ್ನೂ ಕೇಳಬೇಕು.

ನಾವು ಬೆಳೆದದ್ದೇ ಗುಟ್ಟು ಕಾಯುವವರ ನಡುವೆ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಶುರುವಾದವು. ಬಿ.ಇ.ಎಲ್.ನಲ್ಲಿ ಸೈನ್ಯಕ್ಕೆ ರೇಡಾರು, ವೈರ್‌ಲೆಸ್ಸು ಮಾಡುತ್ತಾರೆ. ನಮ್ಮ ಬೀದಿಯಿಂದ ನೀಲಿ ಬಸ್ಸಿಗೆ ಕಾದು ಹೋಗುತ್ತಿದ್ದವರಲ್ಲಿ ಫಿಟ್ಟರುಗಳು, ಡ್ರಾಯಿಂಗ್ ಮಾಡುವವರು ಇದ್ದರು. ‘ಏನಣ್ಣ ಮಾಡ್ತೀರಿ ಒಳಗೆ’ ಅಂದರೆ ‘ಕೆಲಸ ಮಾಡ್ತೀವಪ್ಪ’ ಅನ್ನೋದೇ ಉತ್ತರ. ದೇಶದ ಗುಟ್ಟನ್ನೇ ಟಿಫಿನ್ ಕ್ಯಾರಿಯರ್ ಹಿಡಿದ ಸಾಧಾರಣ ಜನರ ಮೇಲೆ ನಂಬಿಕೆ ಇಟ್ಟು ಬಿಟ್ಟಿದ್ದರು, ಅವರೂ ಕಾಪಾಡಿದರು.

ಆದರೆ 1994ರಲ್ಲಿ ಇಸ್ರೋ ವಿಷಯದಲ್ಲಿ ಏನಾಯಿತು? ರಾಕೆಟ್ ತಂತ್ರಜ್ಞಾನದ ಗುಟ್ಟು ಹೊರದೇಶಕ್ಕೆ ಮಾರಿದರು ಎಂದು ತಿರುವನಂತಪುರದಲ್ಲಿ ಕೇಸು ಹಾಕಿ, ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ನವೆಂಬರ್ 30ರಂದು ಬಂಧಿಸಿದರು. 50 ದಿನ ಸೆರೆಯಲ್ಲಿದ್ದರು. ಅದೇ ಕೇಸಿನಲ್ಲಿ ರಷ್ಯಾದ ಗ್ಲಾವ್‌ಕೋಸ್ಮೋಸ್ ಸಂಸ್ಥೆಯ ಪ್ರತಿನಿಧಿಯಾಗಿದ್ದ ನಮ್ಮ ಬೆಂಗಳೂರಿನ ಕೆ. ಚಂದ್ರಶೇಖರ್ ಅವರೂ ಸಿಕ್ಕಿಕೊಂಡರು. ಪತ್ರಿಕೆಗಳು ತಿಂಗಳುಗಟ್ಟಲೆ ಬರೆದವು. ಗೂಢಚಾರರು ಅಂದರು, ದೇಶದ್ರೋಹಿಗಳು ಅಂದರು. 1996ರಲ್ಲಿ ಸಿ.ಬಿ.ಐ.ನವರು ತನಿಖೆ ಮಾಡಿ, ಇದರಲ್ಲಿ ಹುರುಳಿಲ್ಲ, ಕೇಸೇ ಸುಳ್ಳು ಎಂದು ವರದಿ ಕೊಟ್ಟರು. 1998ರಲ್ಲಿ ಸುಪ್ರೀಂ ಕೋರ್ಟು ಮರುತನಿಖೆಯನ್ನೂ ತಳ್ಳಿಹಾಕಿತು. 2018ರ ಸೆಪ್ಟೆಂಬರ್ 14ರಂದು, ಇಪ್ಪತ್ತನಾಲ್ಕು ವರ್ಷವಾಗುತ್ತಾ ಬಂದಾಗ, ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಪರಿಹಾರ ಕೊಡಿ ಎಂದು ತೀರ್ಪಾಯಿತು. ಚಂದ್ರಶೇಖರ್ ಅವರು ಅದೇ ದಿನ ಪ್ರಜ್ಞೆ ತಪ್ಪಿದರು. ಎರಡು ದಿನಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ತಾವು ಕಾದಿದ್ದ ಸುದ್ದಿ ಅವರ ಕಿವಿಗೆ ಬೀಳಲೇ ಇಲ್ಲ.

ಇದನ್ನು ಯಾಕೆ ಬರೆದೆವು ಎಂದರೆ, ಸಂಘದಿಂದ ಒಂದು ವಿಷಯ ಹೊರಗೆ ಹೋಯಿತು ಅನ್ನಿ. ಯಾರು ಕೊಟ್ಟರು? ಕಾರ್ಯದರ್ಶಿಯೋ, ಗುಮಾಸ್ತರೋ, ನಿರ್ದೇಶಕರಲ್ಲೇ ಒಬ್ಬರೋ? ಚಹಾದಂಗಡಿಯ ಬೆಂಚಿನ ಮೇಲೆ ಗುಟ್ಟು ಬಿಟ್ಟವರು ನಿರ್ದೇಶಕರೇ ಇದ್ದಾರು, ಸದಸ್ಯರು ಕ್ಷಮಿಸಬೇಕು, ಇದ್ದದ್ದನ್ನು ಹೇಳಿದೆವು. ಆದರೆ ಊರೆಲ್ಲಾ ಬೆರಳು ತೋರಿಸೋದು ಕಂಪ್ಯೂಟರ್ ಮುಂದೆ ಕೂತ ಹುಡುಗನ ಕಡೆಗೇ. ತಿಂಗಳಿಗೆ ಕಡಿಮೆ ಸಂಬಳ, ಕೆಲಸ ಖಾಯಂ ಇಲ್ಲ, ಮದುವೆ ಆಗಬೇಕಾದ ವಯಸ್ಸು. ‘ನಾನಲ್ಲ’ ಎಂದು ಅವನು ತೋರಿಸೋದು ಹ್ಯಾಗೆ, ಯಾರು ಯಾವಾಗ ಒಳಗೆ ಹೋದರು ಎಂಬ ದಾಖಲೆಯೇ ಇಲ್ಲದಿದ್ದರೆ? ದಾಖಲೆ ಇಡೋದು ಅವನನ್ನು ಹಿಡಿಯೋದಕ್ಕೆ ಎಂದು ಸಭೆಯಲ್ಲಿ ಒಬ್ಬರು ಅಂದರು. ನಮ್ಮ ಅಭಿಪ್ರಾಯ ಬೇರೆ. ಅದು ಅವನಿಗೇ ಮೊದಲು ಬೇಕಾದದ್ದು.

ಒಡವೆ ಸಾಲದ ಬೀರುವಿಗೆ ನಾವು ಮೊದಲಿಂದಲೂ ಎರಡು ಕೀಲಿ ಇಟ್ಟಿದ್ದೇವೆ. ಒಂದು ಕಾರ್ಯದರ್ಶಿಯವರಲ್ಲಿ, ಇನ್ನೊಂದು ಅಧ್ಯಕ್ಷರಲ್ಲಿ. ಸರ್ಕಾರದ ಖಜಾನೆಯಲ್ಲೂ ಜೋಡಿ ಬೀಗವೇ. ಯಾರೂ ‘ನನ್ನ ಮೇಲೆ ನಂಬಿಕೆ ಇಲ್ವಾ’ ಎಂದು ಇದುವರೆಗೆ ಮುನಿಸಿಕೊಂಡಿಲ್ಲ. ಹತ್ತು ಗ್ರಾಂ ಸರಕ್ಕೆ ಎರಡು ಕೀಲಿ, ಇಡೀ ಊರಿನ ಮಾನಕ್ಕೆ ಒಂದೇ ಕೀಲಿ ಅಂದರೆ ಹ್ಯಾಗೆ?

ಸಮಯವೂ ಹತ್ತಿರ ಬಂದಿದೆ. 2018ರ ಸಾಲಮನ್ನಾದಲ್ಲಿ ಪ್ರತಿಯೊಬ್ಬ ರೈತನ ಆಧಾರ್, ರೇಷನ್ ಕಾರ್ಡು, ಸರ್ವೆ ನಂಬರು ಕಂಪ್ಯೂಟರಿಗೆ ಹೋದವು. 2022ರ ಜೂನ್ 29ರಂದು ಕೇಂದ್ರ ಸರ್ಕಾರ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ದೇಶಕ್ಕೆಲ್ಲಾ ಒಂದೇ ಸಾಫ್ಟ್‌ವೇರ್, ನಬಾರ್ಡ್ ಮೂಲಕ. ಒಳ್ಳೆಯದೇ. ಆದರೆ ಕಣಗಿನಹಾಳದ ಕಾಲದಲ್ಲಿ ಗುಟ್ಟು ಊರ ಗಡಿ ದಾಟುತ್ತಿರಲಿಲ್ಲ, ಈಗ ರಿಪೇರಿ ಮಾಡುವವರು ಎಲ್ಲೋ ಕೂತು ನಮ್ಮ ಪರದೆ ನೋಡುತ್ತಾರೆ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ಸೇರಿಸಿದ 72ಎ ಕಲಂ ಪ್ರಕಾರ, ಒಪ್ಪಂದದ ಮೇಲೆ ಕೆಲಸಕ್ಕೆ ಬಂದವರು ಅಲ್ಲಿ ಸಿಕ್ಕಿದ ಸ್ವಂತ ವಿವರಗಳನ್ನು ಕೆಟ್ಟ ಉದ್ದೇಶದಿಂದ ಬೇರೆಯವರಿಗೆ ಕೊಟ್ಟರೆ 3 ವರ್ಷದವರೆಗೆ ಶಿಕ್ಷೆ ಅಥವಾ 25 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೇ ಬೇರೆ ಕಾಯಿದೆ ಬಂದಿದೆ. ಅದರಲ್ಲಿ ದಂಡ ಬೀಳೋದು ವಿವರ ಇಟ್ಟುಕೊಂಡ ಸಂಸ್ಥೆಯ ಮೇಲೆ, ಭದ್ರತೆ ತಪ್ಪಿದರೆ 250 ಕೋಟಿಯವರೆಗೆ. ನಮ್ಮಂಥ ಸಂಘಕ್ಕೆ ಅಷ್ಟು ಹಾಕಲಾರರು, ಆದರೆ ಹುಡುಗನ ಮೇಲೆ ತಪ್ಪು ಹೊರಿಸಿ ಆಡಳಿತ ಮಂಡಳಿ ಕೈತೊಳೆದುಕೊಳ್ಳೋದು ಇನ್ನು ನಡೆಯೋದಿಲ್ಲ ಅನ್ನೋದಂತೂ ಗೊತ್ತಾಯಿತು.

ಮೂರನೆಯ ಸಲ ಸಭೆ ಸೇರಿದಾಗ ಮಂಡಿಸಲು ನಾವು ಮತ್ತು ಇನ್ನಿಬ್ಬರು ನಿರ್ದೇಶಕರು ಸೇರಿ ಒಂದು ಟಿಪ್ಪಣಿ ಬರೆದಿಟ್ಟಿದ್ದೇವೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್, ಒಬ್ಬರದ್ದು ಇನ್ನೊಬ್ಬರು ಬಳಸುವಂತಿಲ್ಲ, ನಿರ್ದೇಶಕರೂ ಸೇರಿ. ಆಪರೇಟರ್ ನಮೂದು ಮಾಡಿದ್ದನ್ನು ಕಾರ್ಯದರ್ಶಿಗಳು ಒಪ್ಪಬೇಕು. ಎಲ್ಲಾ ಬಾಗಿಲು ತೆಗೆಯುವ ದೊಡ್ಡ ಪಾಸ್‌ವರ್ಡನ್ನು ಅರ್ಧ ಅರ್ಧ ಮಾಡಿ ಎರಡು ಮೊಹರು ಲಕೋಟೆಯಲ್ಲಿ ಒಡವೆ ಬೀರುವಿನಲ್ಲೇ ಇಡೋದು. ರಿಪೇರಿಗೆ ಬಂದಾಗ ಇಬ್ಬರ ಎದುರು ತೆಗೆದು, ಕೆಲಸ ಮುಗಿದ ಮೇಲೆ ಬದಲಾಯಿಸೋದು. ಯಾರು ಬಂದರು, ಏನು ರಿಪೇರಿ, ಎಷ್ಟು ಹೊತ್ತು ಎಂಬುದಕ್ಕೆ ಒಂದು ಕೈಬರಹದ ಪುಸ್ತಕ, ರುಜು ಸಮೇತ. ಯಾವುದೇ ಸದಸ್ಯರು ತಮ್ಮ ಖಾತೆಯನ್ನು ಯಾರು ಯಾರು ನೋಡಿದ್ದಾರೆ ಎಂದು ಬರೆದು ಕೇಳಿದರೆ ಹದಿನೈದು ದಿನದಲ್ಲಿ ತಿಳಿಸೋದು. ಮತ್ತು ಆಪರೇಟರ್ ಹುಡುಗನಿಗೆ ನೇಮಕ ಪತ್ರ, ಸಂಬಳ ಹೆಚ್ಚಳ. ಈ ಕೊನೆಯದಕ್ಕೇ ವಿರೋಧ ಜಾಸ್ತಿ ಬರುವಂತೆ ಕಾಣುತ್ತೆ. ಖರ್ಚು ಎಷ್ಟಾಗುತ್ತೆ ಎಂದು ಲೆಕ್ಕ ಹಾಕಿ ಟಿಪ್ಪಣಿಯ ಹಿಂದೆ ಬರೆದಿದ್ದೇವೆ, ಬೆಳ್ಳಿಹಬ್ಬದ ಪೆಂಡಾಲಿನ ಬಾಡಿಗೆಗಿಂತ ಕಡಿಮೆಯೇ. ಟಿಪ್ಪಣಿಯ ನಕಲು ಸಂಘದ ಕಛೇರಿಯಲ್ಲಿ ಇದೆ, ಸರ್ವಸದಸ್ಯರ ಸಭೆಗೆ ಬರುವ ಮುಂಚೆ ಒಂದು ಸಲ ಓದಿಕೊಂಡು ಬನ್ನಿ.